ಭಾನುವಾರದ ಚರ್ಚೆ: ಫ್ಯಾಂಟಸಿ ಕತೆಯೊಳಗೆ ಕ್ರೈಸ್ತ ನಂಬಿಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಎರಡು ಕೃತಿಗಳ ಬಗ್ಗೆ ಮಾತಾಡೋಣ: 1950ರಲ್ಲಿ ಬಂದ ನಾರ್ನಿಯಾ ಎಂಬ ಮಾಯಾಲೋಕದ ಬಗ್ಗೆ ಸಿ.ಎಸ್. ಲೂಯಿಸ್ ಬರೆದ ಮೊದಲ ಕಾದಂಬರಿ, ಟೋಲ್ಕಿನ್ ಅವರ ‘ಲಾರ್ಡ್ ಆಫ್ ದಿ ರಿಂಗ್ಸ್’. ಇಬ್ಬರೂ ಆಕ್ಸ್‌ಫರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ಗೆಳೆಯರು, ಇಬ್ಬರೂ ಕ್ರೈಸ್ತರು. ನಂಬಿಕೆಯನ್ನು ಕತೆಗೆ ತಂದ ರೀತಿ ಮಾತ್ರ ಪೂರಾ ಬೇರೆ.

ಲೂಯಿಸ್‌ರಲ್ಲಿ ಅದು ಎದುರಿಗೇ ಕಾಣುತ್ತದೆ. ದ್ರೋಹ ಮಾಡಿದ ಹುಡುಗನ ಬದಲು ಅಸ್ಲಾನ್ ಎಂಬ ಸಿಂಹ ಕಲ್ಲಿನ ಮೇಜಿನ ಮೇಲೆ ಸಾಯುತ್ತದೆ, ಬೆಳಗಾಗುವಾಗ ಎದ್ದು ಬರುತ್ತದೆ. ಅದನ್ನು ನೋಡುವವರು ಇಬ್ಬರು ಹುಡುಗಿಯರು. ಯೇಸುವಿನ ಸಮಾಧಿಗೆ ನಸುಕಿನಲ್ಲೇ ಹೋದವರೂ ಹೆಂಗಸರೇ ಅಲ್ವಾ? ನನಗೆ ತುಂಬಾ ಇಷ್ಟವಾಗುವುದು ಅಲ್ಲಿನ ಇಲಿಗಳು. ಸತ್ತ ಸಿಂಹಕ್ಕೆ ಬಿಗಿದ ಹಗ್ಗಗಳನ್ನು ಪುಟ್ಟ ಇಲಿಗಳು ಕಡಿದು ಹಾಕುತ್ತವೆ. ಬೈಬಲ್‌ನಲ್ಲಿ ಇಲ್ಲದ ಈ ವಿವರವೇ ಕತೆಗೆ ಜೀವ ಕೊಡುತ್ತದೆ.

ಟೋಲ್ಕಿನ್‌ರಲ್ಲಿ ಯೇಸುವಿನ ಹೆಸರೇ ಇಲ್ಲ. ಆದರೆ ಕತೆಯ ಕೇಂದ್ರವಾದ ದುಷ್ಟಶಕ್ತಿಯ ಉಂಗುರ ನಾಶವಾಗುವುದು ಮಾರ್ಚ್ 25ರಂದು. ಚರ್ಚಿನ ಪಂಚಾಂಗದಲ್ಲಿ ಅದು ಯೇಸು ಹುಟ್ಟುವನೆಂಬ ಶುಭವಾರ್ತೆಯನ್ನು ದೇವದೂತ ತಾಯಿ ಮರಿಯಳಿಗೆ ತಂದ ದಿನ. ಇದು ಗೊತ್ತಿಲ್ಲದವರಿಗೂ ಕತೆ ಪೂರ್ತಿ ಸಿಗುತ್ತದೆ. ನನ್ನ ಒಲವು ಈ ದಾರಿಯ ಕಡೆಗೇ ಜಾಸ್ತಿ.

ಫ್ಯಾಂಟಸಿ ಬರೆಯುತ್ತಿರುವವರು ಶನಿವಾರದೊಳಗೆ ಒಂದು ಪುಟ ಇಲ್ಲಿ ಹಾಕಿ. ಪಾತ್ರದ ಬಾಯಲ್ಲಿ ಧರ್ಮಬೋಧನೆ ಮಾಡಿಸಿದ್ದರೂ ಪರವಾಗಿಲ್ಲ. ಅದನ್ನು ಘಟನೆಯಾಗಿ ಬದಲಿಸುವುದು ಹೇಗೆ ಅಂತ ಒಟ್ಟಿಗೆ ನೋಡೋಣ.