ರಸ್ತೆಗೆ ಹೆಸರಿಟ್ಟಾಯ್ತು, ಪುಸ್ತಕ ಎಲ್ಲಿ? ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಕೆ.ಎಸ್. ರಾವ್ ರೋಡ್ ಅಂದರೆ ಮಂಗಳೂರಿನಲ್ಲಿ ಗೊತ್ತಿಲ್ಲದವರಿಲ್ಲ. ಆ ಕೆ.ಎಸ್. ರಾವ್ ಯಾರು ಅಂತ ಕೇಳಿದರೆ ಮಾತ್ರ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಕಾರ್ನಾಡು ಸದಾಶಿವ ರಾಯರು ವಕೀಲರು, ಅನುಕೂಲಸ್ಥರು. ಸ್ವಾತಂತ್ರ್ಯ ಹೋರಾಟಕ್ಕೆ ಆಸ್ತಿಯನ್ನೆಲ್ಲ ಸುರಿದು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡರು. ಬೆಂಗಳೂರಿನ ಸದಾಶಿವನಗರಕ್ಕೂ ಅವರದ್ದೇ ಹೆಸರು. ಅಲ್ಲಿನ ಸೈಟಿನ ರೇಟ್ ಕೇಳಿದ್ದರೆ ರಾಯರು ಏನನ್ನುತ್ತಿದ್ದರೋ!

ಶಾಲೆಯ ಭಾಷಣ ಸ್ಪರ್ಧೆಗೆ ಮಗಳಿಗೆ ಇವರ ಬಗ್ಗೆ ಓದಬೇಕಿತ್ತು. ಹತ್ತಿರದ ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಪರೀಕ್ಷೆಯ ಗೈಡುಗಳಿಗೆ ಎರಡು ಕಪಾಟು ತುಂಬ ಜಾಗ ಉಂಟು. ‘ಜೀವನ ಚರಿತ್ರೆ’ ಅಂತ ಚೀಟಿ ಅಂಟಿಸಿದ ಸಾಲಿನಲ್ಲಿ ಸಿಕ್ಕಿದ್ದು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡ ತೆಳ್ಳಗಿನ ಪುಸ್ತಕಗಳು. ರಾಯರು ಅದರಲ್ಲಿ ಇರಲಿಲ್ಲ. ಇದ್ದವರೆಲ್ಲ ಬಾಲ್ಯದಿಂದಲೇ ಬುದ್ಧಿವಂತರು, ಸುಳ್ಳು ಹೇಳದವರು, ಒಮ್ಮೆಯೂ ಸೋಲದವರು. ಇಂಥದ್ದನ್ನು ಓದಿದ ಮಗು ಎರಡನೇ ಪುಸ್ತಕ ಕೇಳುತ್ತದಾ?

ನನ್ನ ಬೇಡಿಕೆ ಇಷ್ಟೇ. ನಿಮ್ಮ ಕ್ಷೇತ್ರದ ಗ್ರಂಥಾಲಯಗಳಲ್ಲಿ, ಪಂಚಾಯತಿನ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲೂ, ಒಳ್ಳೆಯ ಜೀವನಕಥೆಗಳಿಗೆ ಒಂದು ಕಪಾಟು ಮಾಡಿಸಿ.

ಮೊದಲು ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಬರಲಿ. ಕೋಟದ ಹುಡುಗ ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಧುಮುಕಿದರು. ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಮೂಕಿ ಚಿತ್ರ ತೆಗೆದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ತಮ್ಮದೇ ರೀತಿಯಲ್ಲಿ ಕಲಿಸಿದರು. ಒಂದು ಕೈಗೂಡದಿದ್ದರೆ ಇನ್ನೊಂದು. ಮಾರ್ಕು ಕಡಿಮೆ ಬಂತು ಅಂತ ಮುಖ ಸಣ್ಣ ಮಾಡಿಕೊಂಡು ಕೂತ ಮಕ್ಕಳ ಕೈಗೆ ನಾನು ಕೊಡುವುದು ಇದನ್ನೇ. ಮಂಚಿಯ ಬಿ.ವಿ. ಕಾರಂತರು ಹೇಳಿ ವೈದೇಹಿ ಬರೆದ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಕೂಡ ಪಕ್ಕದಲ್ಲಿರಲಿ. ಸಾರಾ ಅಬೂಬಕ್ಕರ್ ಅವರ ‘ಹೊತ್ತು ಕಂತುವ ಮುನ್ನ’, ಹಸಿವಿನ ಮಾತನ್ನೂ ನಗಿಸುತ್ತ ಹೇಳುವ ಸಿದ್ಧಲಿಂಗಯ್ಯನವರ ‘ಊರುಕೇರಿ’, ಗೊರೂರರು ಕನ್ನಡಕ್ಕೆ ತಂದ ಗಾಂಧೀಜಿಯ ಆತ್ಮಕಥೆ, ಇವೆಲ್ಲ ಬೇಕು.

ಪುರಭವನಕ್ಕೆ ಹೆಸರು ಕೊಟ್ಟ ಕುದ್ಮುಲ್ ರಂಗರಾಯರನ್ನು ಬಿಡಬೇಡಿ. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದವರು ಅವರು. ತಮ್ಮ ಶಾಲೆಯ ಮಕ್ಕಳು ಓದಿ, ದೊಡ್ಡ ಹುದ್ದೆಗೆ ಹೋಗಿ, ಕಾರಿನಲ್ಲಿ ಓಡಾಡುವಾಗ ಏಳುವ ಧೂಳು ತಮ್ಮ ತಲೆಗೆ ತಾಗಬೇಕು ಅನ್ನುವುದು ಅವರ ಆಸೆಯಾಗಿತ್ತು. ಅವರ ಹೆಸರಿನ ಸಭಾಂಗಣದಲ್ಲಿ ಎಷ್ಟೋ ಸನ್ಮಾನ ನಡೆಯುತ್ತದೆ. ಬಾಗಿಲ ಬಳಿ ಅವರ ಕಥೆಯ ಪುಸ್ತಕ ಒಂದಿದ್ದರೆ ಏನು ಕಷ್ಟ?

ಕಮಲಾದೇವಿ ಚಟ್ಟೋಪಾಧ್ಯಾಯರ ಆತ್ಮಕಥೆಯನ್ನು ಮಾತ್ರ ಮೊದಲು ನೀವೇ ಓದಿ. 1903ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳು ಚುನಾವಣೆಗೆ ನಿಲ್ಲುವುದೇ ಹೊಸತಾಗಿದ್ದ 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ಸ್ಪರ್ಧಿಸಿ, ಕೆಲವೇ ಮತಗಳಿಂದ ಸೋತರು. ಸೋತವರು ಮನೆಯಲ್ಲಿ ಕೂರಲಿಲ್ಲ. ಉಪ್ಪಿನ ಸತ್ಯಾಗ್ರಹ, ಜೈಲು, ಆಮೇಲೆ ದೇಶದ ಕರಕುಶಲ ಕಲೆಗಳಿಗೆ ಮರುಜೀವ. ರಾಜಕೀಯದಲ್ಲಿರುವ ನಿಮ್ಮಂಥವರಿಗೆ ಇದು ಜಾಸ್ತಿ ಹತ್ತಿರದ ಕಥೆ ಅಲ್ವಾ?

ದುಡ್ಡೆಲ್ಲಿಂದ ಅಂತ ಕೇಳಬೇಡಿ. ನಮ್ಮ ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ, 1965ರ ಕಾಯ್ದೆಯ ಪ್ರಕಾರ. ನಮ್ಮ ಕ್ಷೇತ್ರದಲ್ಲಿ ಎಷ್ಟು ಸಂಗ್ರಹವಾಯಿತು, ಎಷ್ಟು ಗ್ರಂಥಾಲಯಕ್ಕೆ ತಲುಪಿತು, ಅದರಲ್ಲಿ ಪುಸ್ತಕಕ್ಕೆ ಎಷ್ಟು ಹೋಯಿತು ಅಂತ ಅಧಿಕಾರಿಗಳಲ್ಲಿ ಲೆಕ್ಕ ಕೇಳಿ. ಆ ಲೆಕ್ಕವನ್ನು ಗ್ರಂಥಾಲಯದ ನೋಟಿಸ್ ಬೋರ್ಡಿಗೂ ಹಾಕಿಸಿ.

ಇಂತಿ,
ಮಂಗಳೂರಿನ ಒಬ್ಬ ತೆರಿಗೆದಾರ