ಆವತ್ತು ಫೋನ್ ಕಟ್ ಮಾಡಿದ್ದು

ಪುಟ್ಟಿ,

ನಿನ್ನೆ "ಬೋನ್ ಕ್ಯಾನ್ಸರ್ ಅಂದ್ರೆ ಮೂಳೆ ಡಾಕ್ಟರಿಗೆ ಯಾಕೆ ತೋರಿಸ್ಲಿಲ್ಲ" ಅಂತ ಕಿರುಚಿ ಫೋನ್ ಇಟ್ಟುಬಿಟ್ಟೆ. ನಂಗೆ ನಿದ್ದೆ ಬರ್ಲಿಲ್ಲ, ಅದಕ್ಕೇ ಬರೀತಿದೀನಿ. ಹಳೇ ಬ್ರೆಸ್ಟ್ ಕ್ಯಾನ್ಸರ್ ಆಪರೇಷನ್ ಕಥೆ ಬಿಡು, ಇಬ್ರಿಗೂ ಗೊತ್ತಿರೋದೇ.

ಇದು ಬೋನ್ ಕ್ಯಾನ್ಸರ್ ಅಲ್ಲ ಕಣೇ. ಅದೇ ಬ್ರೆಸ್ಟ್ ಕ್ಯಾನ್ಸರ್, ಬೆನ್ನುಮೂಳೆಗೆ ಹೋಗಿ ಕೂತಿದೆ ಅಷ್ಟೆ. ಜೀವಕೋಶ ಅದರದ್ದೇ, ಹಾಗಾಗಿ ಔಷಧಿನೂ ಅದರದ್ದೇ. ಹರಡಿದ್ಮೇಲೆ ಗುಣ ಬದಲಾಗಿರಬಹುದು ಅಂತ ಮೂಳೆಯಿಂದ ಚೂರು ತೆಗೆದು ಮತ್ತೆ ಬಯಾಪ್ಸಿ ಮಾಡಿದ್ರು. ಈಗ್ಲೂ ಹಾರ್ಮೋನ್ ಪಾಸಿಟಿವ್ವೇ, ಅಂದ್ರೆ ಹಾರ್ಮೋನಿಂದ ಬೆಳೆಯೋ ಥರದ್ದು. ಹರ್-2 ಅನ್ನೋ ಪ್ರೋಟೀನ್ ಮಾತ್ರ ಜಾಸ್ತಿ ಇಲ್ಲ, ಅದು ನೆಗೆಟಿವ್. ಅದಕ್ಕೇ ಸದ್ಯಕ್ಕೆ ಕೀಮೋ ಬೇಡ ಅಂದ್ರು. ದಿನಾ ಹಾರ್ಮೋನ್ ತಗ್ಗಿಸೋ ಲೆಟ್ರೋಜೋಲ್ ಮಾತ್ರೆ, ಜೊತೆಗೆ ಕ್ಯಾನ್ಸರ್ ಕೋಶ ಹೆಚ್ಚಾಗದ ಹಾಗೆ ತಡೆಯೋ ಪಾಲ್ಬೋಸಿಕ್ಲಿಬ್ 21 ದಿನ ನುಂಗಿ 7 ದಿನ ಬಿಡೋದು. ಅದರಿಂದ ಬಿಳಿ ರಕ್ತಕಣ ಇಳಿಯುತ್ತೆ, ಆಗಾಗ ಟೆಸ್ಟಿಗೆ ರಕ್ತ ಕೊಡ್ಬೇಕು, ಜ್ವರ 100.4 ಮುಟ್ಟಿದ್ರೆ ಬೆಳಗಾಗ್ಲಿ ಅಂತ ಕಾಯೋ ಹಾಗಿಲ್ಲ. ಮೂಳೆಗೆ ಜೋಲೆಡ್ರಾನಿಕ್ ಆಸಿಡ್ ಡ್ರಿಪ್, ಅದು ದವಡೆಗೆ ತೊಂದ್ರೆ ಕೊಡಬಹುದು ಅಂತ ಮೊದ್ಲೇ ಹಲ್ಲು ತೋರಿಸ್ಕೊಂಡೆ. ನೋವಿಗೆ ಒಂದೇ ಒಂದು ಸಲ ರೇಡಿಯೇಷನ್.

ವಾಸಿ ಆಗುತ್ತಾ ಅಂತ ಕೇಳಿದ್ಯಲ್ಲ. ಇಲ್ಲ ಪುಟ್ಟಿ. ಹತೋಟಿಲಿ ಇಡಬಹುದು, ಒಂದು ಮಾತ್ರೆ ಕೆಲಸ ಮಾಡೋದು ನಿಲ್ಸಿದ್ರೆ ಇನ್ನೊಂದು. ಎಷ್ಟು ದಿನ ಅಂತ ನಾನು ಕೇಳ್ಲಿಲ್ಲ, ನೀನೂ ಕೇಳ್ಬೇಡ.

ಈಗ ಆವತ್ತು ನಾನು ಫೋನ್ ಕಟ್ ಮಾಡಿದ ವಿಷಯ. ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ನೋಡೋ ಪೆಟ್ ಸ್ಕ್ಯಾನಿಗೆ ಇಂಜೆಕ್ಷನ್ ಕೊಟ್ಟು ಅಲ್ಲಾಡದೆ ಕೂರು ಅಂದಿದ್ರು, ಆಗ ನಿನ್ನ ಕಾಲ್ ಬಂತು. ಕಟ್ ಮಾಡ್ದೆ. ಮತ್ತೆ ಬಂತು, ಮತ್ತೆ ಕಟ್ ಮಾಡ್ದೆ. ಮೂರನೇ ಸಲ ನಿನ್ನ ಫೋಟೋ ಸ್ಕ್ರೀನ್ ಮೇಲೆ ಆರೋವರೆಗೂ ನೋಡ್ತಾ ಕೂತೆ. ಆಮೇಲೆ "ಮಲಗಿದ್ದೆ" ಅಂತ ಮೆಸೇಜ್ ಹಾಕ್ದೆ. ಮಲಗಿದ್ದೆ ಅನ್ನೋದು ಎಷ್ಟು ಸಲೀಸಾಗಿ ಟೈಪ್ ಆಯ್ತು ಗೊತ್ತಾ, ನಾಲ್ಕು ತಿಂಗಳು ಬೆನ್ನುನೋವನ್ನ ಉಳುಕು ಅಂತ ಹೇಳಿ ಹೇಳಿ ಅಭ್ಯಾಸ ಆಗಿತ್ತಲ್ಲ. ನಿನ್ನ ಹೆದರಿಸ್ಬಾರ್ದು ಅಂತ ಸುಳ್ಳು ಹೇಳಿದ್ದು ಅಂದ್ಕೊಂಡಿದ್ದೆ. ಹೆದರಿದ್ದು ನಾನೇ. ನೀನು "ಅಮ್ಮ ಎಲ್ಲಿದೀಯ" ಅಂದಿದ್ರೆ ಅಲ್ಲೇ ಅತ್ತುಬಿಡ್ತಿದ್ದೆ, ಅಲ್ಲಾಡದೆ ಕೂರಕ್ಕಾಗ್ತಿರ್ಲಿಲ್ಲ. ಆ ಫೋಟೋ ಆರಿದ್ದು ಇನ್ನೂ ಕಣ್ಮುಂದೆ ಬರುತ್ತೆ. ತಪ್ಪಾಯ್ತು.

ನೀನು ಮಾತ್ರ ನನ್ನ ಥರ ನೋವು ಮುಚ್ಚಿಡ್ಬೇಡ. ಅಮ್ಮನಿಂದ ಮಗಳಿಗೆ ಬರಬಹುದಾದ ಜೀನ್ ದೋಷ ನೋಡೋ ಬಿಆರ್‌ಸಿಎ ಟೆಸ್ಟ್ ಮೊದ್ಲು ನಂಗೆ ಮಾಡ್ತಾರೆ, ನಂದ್ರಲ್ಲಿ ಸಿಕ್ಕಿದ್ರೆ ನೀನು ಮಾಡಿಸ್ಕೋಬೇಕು, ನೆಪ ಹೇಳಂಗಿಲ್ಲ. ಆ ಪವಾಡದ ಔಷಧಿ ವಿಡಿಯೋಗಳನ್ನ ಕಳಿಸೋದು ನಿಲ್ಸು. ಪ್ಯಾಲಿಯೇಟಿವ್ ಅನ್ನೋ ಪದ ನೋಡಿ ಅಳ್ಬೇಡ, ಅದು ಕೊನೇ ದಿನದ ವಾರ್ಡ್ ಅಲ್ಲ, ನೋವು, ಸುಸ್ತು, ನಿದ್ದೆ ನೋಡ್ಕೊಳ್ಳೋರು, ಚಿಕಿತ್ಸೆ ಜೊತೆಗೇ ಇರ್ತಾರೆ. ಕೆಲಸ ಬಿಟ್ಟು ಬರೋ ಮಾತು ಎತ್ಬೇಡ... ನೋಡು, ಭಾಷಣ ಬಿಗಿಯಲ್ಲ ಅಂದ್ಕೊಂಡೇ ಕೂತಿದ್ದೆ.

ನೀನು ಮೆಸೇಜಲ್ಲಿ ಕಳಿಸಿದ ಪ್ರಶ್ನೆಗಳನ್ನ ಓದಿ ಡಾಕ್ಟರ್ "ಮಗಳು ಏನು ಓದಿದಾಳೆ" ಅಂದ್ರು. ಅಕೌಂಟ್ಸ್ ಅಂದೆ, ನಕ್ಕರು. ನಂಗೆ ಎಷ್ಟು ಜಂಬ ಬಂತು ಅಂತೀಯ.

ಮುಂದಿನ ಸ್ಕ್ಯಾನ್ ಮೂರು ತಿಂಗಳಿಗೆ. ಆವತ್ತು ಇಂಜೆಕ್ಷನ್‌ಗೆ ಮುಂಚೆನೇ ನಾನೇ ಕಾಲ್ ಮಾಡ್ತೀನಿ. ಕಿರುಚ್ಬೇಡ.

ಅಮ್ಮ