ನಮ್ಮದು ಸೊಗಡಲ್ಲವೇ, ಬರೀ ತಪ್ಪೇ?

ಮಾನ್ಯ ಸಂಪಾದಕರೇ,

ಕನ್ನಡದ ಪ್ರಾದೇಶಿಕ ಸೊಗಡಿನ ಮಾತು ಬಂದಾಗಲೆಲ್ಲ ಧಾರವಾಡ, ಕಲಬುರಗಿ, ಮಂಗಳೂರು, ಕುಂದಾಪುರ, ಮಂಡ್ಯ ಎಂದು ಒಂದು ಸಾಲು ತಾನಾಗಿ ನಾಲಿಗೆಗೆ ಬರುತ್ತದೆ. ಧಾರವಾಡದ ಮಾತಿಗೆ ಬೇಂದ್ರೆಯವರ ಕಾವ್ಯದ ಬಲವಿದೆ. ಕುಂದಾಪುರದವರು ಆಸಾಡಿ ಅಮಾವಾಸ್ಯೆಯಂದು ತಮ್ಮ ಕನ್ನಡಕ್ಕೆಂದೇ ಒಂದು ದಿನವನ್ನು ಆಚರಿಸುತ್ತಾರೆ. ಕೊಡಗು, ಸುಳ್ಯದ ಕಡೆಯ ಅರೆಭಾಷೆಗೆ 2011ರಿಂದ ಸರ್ಕಾರದ್ದೇ ಅಕಾಡೆಮಿ ಇದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಆ ಸಾಲಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಹೆಸರು ಬಂದದ್ದನ್ನು ನಾನಂತೂ ಕೇಳಿಲ್ಲ. ಬೇರೆಯವರು ಸೇರಿಸುವುದಿಲ್ಲ ಎಂಬುದಕ್ಕಿಂತ ನಾವೇ ಸೇರಿಸುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ವಿಷಯ. ಚಿಂತಾಮಣಿಯ ಸಂತೆಯಲ್ಲೋ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲೋ ಯಾರನ್ನಾದರೂ ನಿಲ್ಲಿಸಿ, ನಿಮ್ಮ ಕಡೆಯ ಕನ್ನಡ ಹೇಗೆ ಎಂದು ಕೇಳಿ ನೋಡಿ. ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ನಮ್ದು ಸರಿಯಾದ ಕನ್ನಡ ಅಲ್ಲ ಬುಡಿ ಸಾರ್.’ ಧಾರವಾಡದವರು ತಮ್ಮ ಮಾತನ್ನು ಶೈಲಿ ಎಂದುಕೊಂಡಿದ್ದಾರೆ, ನಾವು ನಮ್ಮ ಮಾತನ್ನು ತಪ್ಪು ಎಂದುಕೊಂಡಿದ್ದೇವೆ. ಈ ಅಭಿಪ್ರಾಯಕ್ಕೆ ಆಧಾರವಿಲ್ಲ ಎಂದು ಹೇಳುವುದಕ್ಕಾಗಿ ಈ ಪತ್ರ.

ನಮ್ಮ ಮಾತಿನ ಮೇಲಿರುವ ಮೊದಲ ಆರೋಪ ಹಕಾರದ್ದು. ‘ಆಲು’, ‘ಅಳ್ಳಿ’, ‘ಎಸರು’, ‘ಓಯ್ತೀನಿ’ ಎನ್ನುವುದು ನಾಲಿಗೆ ಹೊರಳದವರ ಮಾತು ಎಂದು ಶಾಲೆಯಿಂದಲೇ ತಿದ್ದಲಾಗುತ್ತದೆ. (ಕರಡು ತಿದ್ದುವವರು ಇಲ್ಲಿ ದಯವಿಟ್ಟು ಹಕಾರಗಳನ್ನು ಸೇರಿಸಬಾರದು.) ಈ ಉಚ್ಚಾರಣೆ ನಮ್ಮ ಜಿಲ್ಲೆಗಳಿಗಷ್ಟೇ ಸೇರಿದ್ದೂ ಅಲ್ಲ, ಹಳೆಯ ಮೈಸೂರಿನ ಹಳ್ಳಿಗಳ ಉದ್ದಗಲಕ್ಕೂ ಇದೆ. ಹಾಗಿದ್ದರೂ ಇದು ಅಡ್ಡದಾರಿ ಹಿಡಿದ ಕನ್ನಡವೆಂದು ಭಾವಿಸುವವರು ಆ ಹಕಾರ ಬಂದದ್ದು ಎಲ್ಲಿಂದ ಎಂದು ಒಮ್ಮೆ ಯೋಚಿಸಬೇಕು. ಹಳಗನ್ನಡದಲ್ಲಿ ಇದ್ದದ್ದು ಪಾಲ್, ಪಳ್ಳಿ, ಪಾವು, ಪೆಸರ್. ಹತ್ತನೆಯ ಶತಮಾನದ ಆಸುಪಾಸಿನಲ್ಲಿ ಶುರುವಾದ ಬದಲಾವಣೆಯಿಂದ ಮುಂದಿನ ಕೆಲವು ಶತಮಾನಗಳಲ್ಲಿ ಪದದ ಮೊದಲಿನ ಪಕಾರ ಸಡಿಲಗೊಂಡು ಹಕಾರವಾಯಿತು. ನಮ್ಮ ಹಳ್ಳಿಗಳಲ್ಲಿ ಆ ಹಕಾರ ಇನ್ನೂ ಒಂದು ಹೆಜ್ಜೆ ಮುಂದೆ ನಡೆದು ಉಸಿರಿನಲ್ಲಿ ಕರಗಿತು. ‘ಪಾಲ್’ ಎನ್ನುತ್ತಿದ್ದ ಅಂದಿನ ಪಂಡಿತರ ಕಿವಿಗೆ ಮೊದಮೊದಲಿನ ‘ಹಾಲು’ ಕೂಡ ಹಳ್ಳಿಗರ ಅಪಭ್ರಂಶವಾಗಿಯೇ ಕೇಳಿಸಿರಬೇಕು. ಮುಳಬಾಗಿಲಿನ ಎಷ್ಟೋ ಮನೆಗಳ ಮಗು ಅಮ್ಮನ ಜೊತೆ ತೆಲುಗಿನಲ್ಲಿ ‘ಪಾಲು’ ಎಂದು, ಬೀದಿಯಲ್ಲಿ ‘ಆಲು’ ಎಂದು, ಶಾಲೆಯಲ್ಲಿ ‘ಹಾಲು’ ಎಂದು ಒಂದೇ ದಿನದಲ್ಲಿ ಹೇಳುತ್ತದೆ. ಸಾವಿರ ವರ್ಷಗಳ ಉಚ್ಚಾರಣೆಯ ಚರಿತ್ರೆಯನ್ನು ಬೆಳಗಿನಿಂದ ಸಂಜೆಯೊಳಗೆ ಓಡಾಡಿ ಮುಗಿಸುವ ಆ ಮಗುವಿಗೆ ನಾವು ಕೊಡುವ ಬಿರುದು ‘ನಾಲಿಗೆ ಹೊರಳದವನು’ ಎಂಬುದು.

ಹಕಾರದ ಬಗ್ಗೆ ನಗುವವರ ಬಳಿ ಒಂದು ಹಳೆಯ ನಗೆಹನಿ ಸದಾ ಸಿದ್ಧವಿರುತ್ತದೆ. ವೇದಿಕೆಯ ಮೇಲೆ ‘ಆದರದ ಸ್ವಾಗತ’ ಕೋರಲು ಹೋದವರು ‘ಹಾದರದ ಸ್ವಾಗತ’ ಕೋರಿದರಂತೆ. ಅಕ್ಕಿಯನ್ನು ‘ಹಕ್ಕಿ’ ಮಾಡಿದವರ ಕಥೆಯೂ ಇಂಥದ್ದೇ. ನಗು ಬರುವುದು ನಿಜ, ಆದರೆ ಈ ತಪ್ಪು ನಮ್ಮ ಆಡುಮಾತಿನದ್ದಲ್ಲ. ಹೊಲದಲ್ಲಿ, ಮನೆಯಲ್ಲಿ ನಿರಾಳವಾಗಿ ಮಾತನಾಡುವ ರೈತರು ‘ಆಲು’ ಎಂದಾರು, ‘ಅಸು’ ಎಂದಾರು, ಅಕ್ಕಿಯನ್ನು ಮಾತ್ರ ಎಂದೂ ‘ಹಕ್ಕಿ’ ಎನ್ನಲಾರರು. ತನ್ನ ಮಾತಿನಲ್ಲಿ ಎಲ್ಲೋ ಹಕಾರ ಬಿಟ್ಟುಹೋಗುತ್ತಿದೆ, ಅದಕ್ಕಾಗಿ ಜನ ನಗುತ್ತಾರೆ ಎಂಬ ಅಳುಕು ಹುಟ್ಟಿದ ಮೇಲೆ, ಮೈಕಿನ ಮುಂದೆ ನಿಂತಾಗ, ಬೇಕಾದಲ್ಲಿಯೂ ಬೇಡವಾದಲ್ಲಿಯೂ ಹಕಾರ ಉದುರುತ್ತದೆ. ಅಂದರೆ ನಾವು ನಗುತ್ತಿರುವುದು ನಾವೇ ಹುಟ್ಟಿಸಿದ ಅಳುಕನ್ನು ನೋಡಿ. ಮಕ್ಕಳನ್ನು ತಿದ್ದುವ ಮೇಷ್ಟರುಗಳೂ ಸಭೆಗಳಲ್ಲಿ ನಗುವ ದೊಡ್ಡವರೂ ಈ ವ್ಯತ್ಯಾಸವನ್ನು ಗಮನಿಸಿದರೆ ಅರ್ಧ ಸಮಸ್ಯೆ ತೀರುತ್ತದೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹಕಾರ ಇರುವ ಮನೆ ಯಾವುದು, ಇಲ್ಲದ ಮನೆ ಯಾವುದು ಎಂಬುದು ನಮ್ಮ ಊರುಗಳಲ್ಲಿ ಕೇರಿಯ ಜೊತೆ, ಜಾತಿಯ ಜೊತೆ, ಎಷ್ಟು ತಲೆಮಾರಿನಿಂದ ಶಾಲೆ ಕಂಡಿದ್ದೇವೆ ಎಂಬುದರ ಜೊತೆ ಹೆಣೆದುಕೊಂಡಿದೆ. ಉಚ್ಚಾರಣೆಯನ್ನು ನೋಡಿ ನಗುವವರು ಎಷ್ಟೋ ಸಲ ನಗುತ್ತಿರುವುದು ಉಚ್ಚಾರಣೆಗಲ್ಲ. ಬೆಂಗಳೂರಿನ ವಿದ್ಯಾವಂತರು ‘ಬರುತ್ತೇನೆ’ಯನ್ನು ‘ಬರ್ತೀನಿ’ ಎಂದಾಗ ಯಾರಿಗೂ ಕಿವಿ ಚುಚ್ಚುವುದಿಲ್ಲ, ನಮ್ಮವರು ‘ಬತ್ತೀನಿ’ ಎಂದೊಡನೆ ಚುಚ್ಚುತ್ತದೆ. ಉಕಾರವೊಂದನ್ನು ನುಂಗಿದವರು ನಾಗರಿಕರು, ಜೊತೆಗೆ ರಕಾರವನ್ನೂ ನುಂಗಿದವರು ಹಳ್ಳಿಗರು ಎಂಬ ಈ ಲೆಕ್ಕ ಯಾವ ವ್ಯಾಕರಣದಲ್ಲಿಯೂ ಬರೆದಿಲ್ಲ.

ಯಾವ ಸೀಮೆಯ ಮಾತು ಒಳ್ಳೆಯದು ಎಂಬ ತೀರ್ಪು ಕಾಲಕಾಲಕ್ಕೆ ಬದಲಾಗಿದೆ. 850ರ ಸುಮಾರಿನ ಕವಿರಾಜಮಾರ್ಗ ಕನ್ನಡದ ತಿರುಳನ್ನು ಗುರುತಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ. ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸೀಮೆಯಲ್ಲಿ. ಆ ಅಳತೆಯಿಂದ ನೋಡಿದರೆ ಕೋಲಾರ ಎಷ್ಟು ಹೊರಗೋ, ಇವತ್ತು ನಮ್ಮನ್ನು ತಿದ್ದುವ ಮೈಸೂರು, ಬೆಂಗಳೂರುಗಳೂ ಅಷ್ಟೇ ಹೊರಗೆ. ಅದೇ ಕೃತಿ ಕನ್ನಡಗಳು ಎಂದು ಬಹುವಚನದಲ್ಲಿ ಮಾತನಾಡುತ್ತದೆ. ದೇಸಿ ಬೇರೆಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಇಷ್ಟೇ ಎಂದು ತಿಳಿಯಹೊರಟರೆ ಸರ್ಪರಾಜ ವಾಸುಕಿಯೂ ಬೇಸರಪಡುತ್ತಾನೆ ಎಂಬ ಅಭಿಪ್ರಾಯವೂ ಅಲ್ಲಿದೆ. ಮುಂದೆ ಮೈಸೂರು ಸಂಸ್ಥಾನದ ಶಾಲೆಗಳು, ಪಠ್ಯಪುಸ್ತಕಗಳು, ಪತ್ರಿಕೆಗಳು, 1935ರಲ್ಲಿ ಮೈಸೂರಿನಲ್ಲಿ ಶುರುವಾದ ಆಕಾಶವಾಣಿ ಇವೆಲ್ಲ ಸೇರಿ ಈ ಕಡೆಯ ವಿದ್ಯಾವಂತರ ಮಾತನ್ನು ಮೇಲಕ್ಕೆತ್ತಿದವು. ಅದು ಚರಿತ್ರೆ, ತಕರಾರಿಲ್ಲ. ಅದನ್ನು ನಿಸರ್ಗ ನಿಯಮವೆಂದು ಭಾವಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ.

ಎರಡನೆಯ ಆರೋಪ ತೆಲುಗಿನದು, ಮತ್ತು ಮನಸ್ಸಿಗೆ ಹೆಚ್ಚು ನೋವು ಕೊಡುವುದು ಇದೇ. ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮ ಹುಡುಗ ಹುಡುಗಿಯರು ಮನೆಯವರ ಜೊತೆ ಫೋನಿನಲ್ಲಿ ‘ನೈನಾ’ (ತೆಲುಗಿನಲ್ಲಿ ಅಪ್ಪ) ಎಂದು ಶುರುಮಾಡಿದ ಮಾತನ್ನು ವೈಟ್‌ಫೀಲ್ಡ್ ಬರುವಷ್ಟರಲ್ಲಿ ಮೆಲ್ಲಗೆ ಮಾಡಿಕೊಳ್ಳುತ್ತಾರೆ. ಕಚೇರಿಯಲ್ಲಿ ‘ನೀವು ಆಂಧ್ರದವರಾ?’ ಎಂಬ ಪ್ರಶ್ನೆ ಬಂದರೆ ‘ಅಲ್ಲ, ಕೋಲಾರ’ ಎನ್ನುತ್ತಾರೆ. ಅದಕ್ಕೆ ‘ಎರಡೂ ಒಂದೇ ಅಲ್ವಾ’ ಎಂಬ ಮಾತು ಬಂದಾಗ ನಕ್ಕು ಸುಮ್ಮನಾಗುತ್ತಾರೆ. ಇಷ್ಟಕ್ಕೂ ಗಡಿಯಲ್ಲಿರುವ ಜನ ಎರಡು ಮೂರು ಭಾಷೆ ಆಡುವುದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಸಂತಕವಿ ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಪದಗಳನ್ನು ಕಟ್ಟಿದರು, ಅವನ್ನು ಹಾಡುವ ಭಜನೆ ಮಂಡಳಿಗಳಿಗೆ ಇವತ್ತಿಗೂ ಎರಡೂ ಸಲೀಸು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಅವರಿಗೆ 1983ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂದದ್ದು ಕನ್ನಡದ ಬರವಣಿಗೆಗೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದರೆ ಗೂಡು ತಂದ ರೈತರು ಕನ್ನಡದಲ್ಲೋ ತೆಲುಗಿನಲ್ಲೋ, ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಉರ್ದುವಿನಲ್ಲೋ ಮಾತನಾಡುತ್ತ, ಒಂದೇ ವಾಕ್ಯದ ಅರ್ಧದಲ್ಲಿ ಭಾಷೆ ಬದಲಿಸಿಕೊಂಡು ವ್ಯವಹಾರ ಮುಗಿಸುವುದನ್ನು ಕೇಳಬಹುದು. ಅಲ್ಲಿ ಯಾರ ಉಚ್ಚಾರಣೆಗೂ ಯಾರೂ ನಗುವುದಿಲ್ಲ. ಅದೇ ರೈತರು ಬ್ಯಾಂಕಿನ ಕೌಂಟರಿನ ಮುಂದೆ, ಮಗನ ಕಾಲೇಜಿನ ಪ್ರಾಂಶುಪಾಲರ ಮುಂದೆ ಮಾತು ತಡವರಿಸುತ್ತಾರೆ.

ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ., ಮಾಲೂರಿನ ಕಡೆಯ ಮಾಸ್ತಿ, ತುಮಕೂರು ಜಿಲ್ಲೆಯ ತೀರ್ಥಪುರದ ತೀ.ನಂ.ಶ್ರೀ. ಇಂಥ ದೊಡ್ಡವರನ್ನು ಕೊಟ್ಟ ಸೀಮೆ ನಮ್ಮದು. ಅವರು ಬರೆದದ್ದು ಎಲ್ಲರಿಗೂ ಸಲ್ಲುವ ಗ್ರಂಥಸ್ಥ ಕನ್ನಡದಲ್ಲಿ, ಅದು ಆ ಕಾಲದ ಅಗತ್ಯವೂ ಆಗಿತ್ತು. ಆದರೆ ಅದರ ಒಂದು ಪರಿಣಾಮವೆಂದರೆ ನಮ್ಮ ಸಾಹಿತ್ಯದ ಹೆಮ್ಮೆ ಒಂದು ಕಡೆ, ಬಾಯಿಮಾತು ಇನ್ನೊಂದು ಕಡೆ ಉಳಿಯಿತು. ಧಾರವಾಡದಲ್ಲಿ ಇವೆರಡೂ ಒಂದೇ ಕವಿಯಲ್ಲಿ ಕೂಡಿಬಂದವು. ನಮ್ಮ ಮಾತಿಗೆ ಚಲನಚಿತ್ರಗಳಲ್ಲಿ, ಹಾಸ್ಯ ಕಾರ್ಯಕ್ರಮಗಳಲ್ಲಿ ಸಿಕ್ಕ ಜಾಗ ಬಹುಪಾಲು ಪೆದ್ದನದೋ ಆಳಿನದೋ ಆಗಿದೆ. ನಾಯಕನು ಹಕಾರ ಸಹಿತ ಮಾತನಾಡುತ್ತಾನೆ.

ತುಮಕೂರಿನ ಓದುಗರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬಹುದು. ನಮಗೆ ಯಾವ ಧಾಟಿಯೂ ಇಲ್ಲ, ನಾವು ಆಡುವುದು ಸಾದಾ ಕನ್ನಡ ಎಂದು ಅವರು ಹೇಳುವುದನ್ನು ಕೇಳಿದ್ದೇನೆ. ತಿಪಟೂರಿನವರ ಮಾತು ಹಾಸನದ ಕಡೆಗೆ ವಾಲುತ್ತದೆ, ಶಿರಾದ ‘ಐತೆ’ ಚಿತ್ರದುರ್ಗವನ್ನು ನೆನಪಿಸುತ್ತದೆ, ಆಂಧ್ರದ ನೆಲದೊಳಗೆ ಹೊಕ್ಕು ಕುಳಿತ ಪಾವಗಡದ ಮಾತಿನ ರಾಗವೇ ಬೇರೆ. ಇಷ್ಟೆಲ್ಲ ಇದ್ದೂ ಧಾಟಿಯೇ ಇಲ್ಲ ಎನ್ನುವುದು, ಇರುವ ಧಾಟಿಯನ್ನು ತಪ್ಪು ಎನ್ನುವುದಕ್ಕಿಂತ ಸ್ವಲ್ಪ ಸುಖದ ಮರೆವು, ಅಷ್ಟೆ.

ಬರವಣಿಗೆಯಲ್ಲಿ ಹಕಾರ ಬೇಡ, ಮಕ್ಕಳಿಗೆ ಕಲಿಸಬೇಡಿ ಎಂದು ನಾನು ವಾದಿಸುತ್ತಿಲ್ಲ. ಬೀದರಿನ ಓದುಗರಿಗೂ ಚಾಮರಾಜನಗರದ ಓದುಗರಿಗೂ ಅರ್ಥವಾಗುವ ಒಂದು ಬರಹದ ಕನ್ನಡ ಬೇಕೇ ಬೇಕು, ಈ ಪತ್ರವನ್ನೂ ಅದರಲ್ಲಿಯೇ ಬರೆದಿದ್ದೇನೆ. ಶಾಲೆಯಲ್ಲಿ ‘ಬರೆಯುವಾಗ ಹೀಗೆ’ ಎಂದು ಕಲಿಸುವುದಕ್ಕೂ, ‘ನಿಮ್ಮ ಮನೆಯಲ್ಲಿ ಆಡುವುದು ತಪ್ಪು’ ಎಂದು ಹೇಳುವುದಕ್ಕೂ ಇರುವ ಅಂತರ ದೊಡ್ಡದು. ಎರಡನೆಯದನ್ನು ಕೇಳಿಸಿಕೊಂಡ ಮಗು ತನ್ನ ಅಜ್ಜಿಯನ್ನು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆತರಲು ಹಿಂಜರಿಯುತ್ತದೆ.

ಆದ್ದರಿಂದ ಎರಡು ಕೋರಿಕೆಗಳು. 2004ರಲ್ಲಿ ಆರಂಭವಾದ ತುಮಕೂರು ವಿಶ್ವವಿದ್ಯಾಲಯ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ತಮ್ಮ ವಿದ್ಯಾರ್ಥಿಗಳನ್ನು ಅವರವರ ಊರುಗಳಿಗೇ ಕಳುಹಿಸಿ, ಕೆರೆಯ ತೂಬು ಕಾದ ನೀರಗಂಟಿಗಳ, ಹುಳು ಸಾಕಿದ ಹೆಂಗಸರ, ಸಂತೆ ವ್ಯಾಪಾರಿಗಳ ಮಾತನ್ನು ತಿದ್ದದೆ ಧ್ವನಿಮುದ್ರಿಸಿ ಇಡಬೇಕು. ನೀರಗಂಟಿಗಳ ಕೆಲಸವೇ ಕಣ್ಮರೆಯಾಗುತ್ತಿರುವುದರಿಂದ ಇದರಲ್ಲಿ ತಡಮಾಡಲು ಹೆಚ್ಚು ಕಾಲವಿಲ್ಲ. ಇನ್ನು ನಮ್ಮ ಜಿಲ್ಲಾ ಸಾಹಿತ್ಯ ಸಮ್ಮೇಳನಗಳನ್ನು ನಡೆಸುವವರು ಗಡಿನಾಡ ಕನ್ನಡದ ಸ್ಥಿತಿಗತಿ ಎಂಬ ಗೋಷ್ಠಿಯ ಜೊತೆಗೆ, ಆ ಕನ್ನಡವನ್ನು ಆಡುವವರೇ ಮಾತನಾಡುವ ಒಂದು ಗೋಷ್ಠಿಯನ್ನೂ ಇಡಬೇಕು. ಅಲ್ಲಿಗೆ ಬರುವವರ ಕೈಗೆ ಬರೆದುಕೊಟ್ಟ ಭಾಷಣದ ಹಾಳೆಯನ್ನು ಯಾರೂ ಕೊಡಬಾರದು.

ಇತಿ,
ಒಬ್ಬ ಓದುಗ, ಚಿಂತಾಮಣಿ